ಚಪ್ಪಟೆ ಚಿತ್ರಕ್ಕೆ ಉಬ್ಬು ತಗ್ಗು: ಎಂಬಾಸ್ ಟೆಕ್ಸ್ಚರನ್ನು ಪದರ ಪದರವಾಗಿ ಕಟ್ಟುವುದು ಹೇಗೆ

ಪರದೆ ಚಪ್ಪಟೆ. ಅದರ ಮೇಲಿನ ಪಿಕ್ಸೆಲ್‌ಗೆ ಬಣ್ಣ ಇದೆ, ಎತ್ತರ ಇಲ್ಲ. ಆದರೂ ಒಂದು ಅಕ್ಷರದ ಮೇಲಂಚಿಗೆ ತೆಳುವಾದ ಬಿಳಿ ಗೆರೆ, ಕೆಳಗಂಚಿಗೆ ತೆಳುವಾದ ಕಪ್ಪು ಗೆರೆ ಕೊಟ್ಟು ನೋಡಿ. ಅಕ್ಷರ ಎದ್ದು ನಿಲ್ಲುತ್ತದೆ. ಎರಡು ಗೆರೆಗಳನ್ನು ಅದಲುಬದಲು ಮಾಡಿ. ಅದೇ ಅಕ್ಷರ ಈಗ ಒಳಕ್ಕೆ ಒತ್ತಿದ ಹಾಗೆ ಕಾಣುತ್ತದೆ. ಹೀಗೆ ಬೆಳಕು ನೆರಳಿನಿಂದ ಉಬ್ಬು ತಗ್ಗಿನ ಭ್ರಮೆ ಹುಟ್ಟಿಸುವುದೇ ಎಂಬಾಸ್.

ಇದು ಮಿದುಳಿನ ಕೆಲಸ. ಬೆಳಕು ಯಾವಾಗಲೂ ಮೇಲಿನಿಂದ ಬರುತ್ತದೆ ಎಂದು ಅದು ನಂಬಿಕೊಂಡಿರುತ್ತದೆ. ಚಂದ್ರನ ಕುಳಿಗಳ ಫೋಟೊವನ್ನು ತಲೆಕೆಳಗು ಮಾಡಿದರೆ ಕುಳಿಗಳು ಗುಡ್ಡಗಳಾಗಿ ಕಾಣುವುದು ಇದೇ ಕಾರಣಕ್ಕೆ. ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1988ರಲ್ಲಿ ಈ ಬಗ್ಗೆ ಬರೆದಾಗ ಇನ್ನೊಂದು ವಿಷಯವನ್ನೂ ತೋರಿಸಿದರು. ಇಡೀ ಚಿತ್ರಕ್ಕೆ ಬೆಳಕು ಕೊಡುವುದು ಒಂದೇ ದೀಪ ಎಂದು ಮಿದುಳು ಊಹಿಸುತ್ತದೆ. ಈ ಎರಡನೇ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಪದರಗಳ (ಲೇಯರ್‌ಗಳ) ಎಂಬಾಸ್ ಕೆಲಸ ನಿಲ್ಲುವುದೂ ಇದರ ಮೇಲೆ, ಬೀಳುವುದೂ ಇದರ ಮೇಲೆ.

ಸಾಫ್ಟ್‌ವೇರ್ ಎತ್ತರವನ್ನು ಎಲ್ಲಿಂದ ತರುತ್ತದೆ

ಎಂಬಾಸ್ ಮಾಡಲು ಎರಡು ದಾರಿಗಳಿವೆ. ಹೊಸಬರು ಎರಡನ್ನೂ ಒಂದೇ ಅಂದುಕೊಂಡು ಗೊಂದಲ ಮಾಡಿಕೊಳ್ಳುತ್ತಾರೆ.

ಮೊದಲನೆಯದು ಎಂಬಾಸ್ ಫಿಲ್ಟರ್. ಇದು ಚಿತ್ರದ ತಿಳಿ ಗಾಢಗಳನ್ನೇ ಎತ್ತರ ಎಂದು ಓದುತ್ತದೆ. ತಿಳಿ ಇದ್ದರೆ ಎತ್ತರ, ಗಾಢ ಇದ್ದರೆ ತಗ್ಗು. ಹೀಗೆ ಎತ್ತರವನ್ನು ಬೂದು ಬಣ್ಣದಲ್ಲಿ ಬರೆದಿಟ್ಟ ಚಿತ್ರಕ್ಕೆ ಹೈಟ್ ಮ್ಯಾಪ್ ಎನ್ನುತ್ತಾರೆ. ಫಿಲ್ಟರ್ ಮಾಡುವ ಲೆಕ್ಕ ತುಂಬಾ ಸರಳ. ಒಂದು ಪಿಕ್ಸೆಲ್ಲಿನ ಒಂದು ಬದಿಯ ಮಟ್ಟದಿಂದ ಎದುರು ಬದಿಯ ಮಟ್ಟವನ್ನು ಕಳೆಯುತ್ತದೆ. ಬಂದ ಉತ್ತರಕ್ಕೆ 128 ಕೂಡಿಸುತ್ತದೆ. ಎರಡೂ ಬದಿ ಸಮ ಇದ್ದರೆ ಉತ್ತರ ಸೊನ್ನೆ, ಅಂದರೆ ಅಲ್ಲಿ ನಡುಬೂದು ಬಣ್ಣ. ದೀಪದ ಕಡೆಗೆ ವಾಲಿದ ಇಳಿಜಾರು 128ಕ್ಕಿಂತ ತಿಳಿಯಾಗುತ್ತದೆ, ಅದರ ಎದುರು ಕಡೆಗೆ ವಾಲಿದ್ದು ಗಾಢವಾಗುತ್ತದೆ. ಹಾಗಾಗಿಯೇ ಎಂಬಾಸ್ ಹಾಕಿದ ಕೂಡಲೇ ಇಡೀ ಚಿತ್ರ ಬೂದಿ ಬಳಿದ ಹಾಗೆ ಆಗುವುದು. ಎಷ್ಟೋ ಜನ ಅದನ್ನು ನೋಡಿ ಅನ್‌ಡೂ ಒತ್ತಿಬಿಡುತ್ತಾರೆ. ಒತ್ತಬೇಡಿ. ಆ ಬೂದು ಬಣ್ಣವೇ ಮುಂದಿನ ಕೆಲಸಕ್ಕೆ ಬೇಕು.

ಯಾಕೆ ಅಂದರೆ ಓವರ್‌ಲೇ, ಸಾಫ್ಟ್ ಲೈಟ್, ಹಾರ್ಡ್ ಲೈಟ್, ಲೀನಿಯರ್ ಲೈಟ್ ಎಂಬ ಬ್ಲೆಂಡ್ ಮೋಡ್‌ಗಳಲ್ಲಿ, ಅಂದರೆ ಮೇಲಿನ ಪದರ ಕೆಳಗಿನದರ ಜೊತೆ ಬೆರೆಯುವ ಬಗೆಗಳಲ್ಲಿ, ನಡುಬೂದು ಕಾಣದೇ ಹೋಗುತ್ತದೆ. ಬೂದಿಗಿಂತ ತಿಳಿ ಇರುವ ಜಾಗ ಕೆಳಗಿನ ಬಣ್ಣವನ್ನು ಬೆಳಗಿಸುತ್ತದೆ, ಗಾಢ ಇರುವ ಜಾಗ ಕಪ್ಪಾಗಿಸುತ್ತದೆ. ಅಂದರೆ ಎಂಬಾಸ್ ಆದ ಪದರ ಬರೀ ಬೆಳಕು ನೆರಳನ್ನು ಹೊತ್ತುಕೊಂಡು ಕೆಳಗಿನ ಚಿತ್ರದ ಮೇಲೆ ಕೂರುತ್ತದೆ. ಫೋಟೊಶಾಪ್‌ನ ಫಿಲ್ಟರ್ ಅಂಚುಗಳಲ್ಲಿ ಮೂಲದ ಬಣ್ಣವನ್ನು ಚೂರು ಉಳಿಸಿಕೊಳ್ಳುತ್ತದೆ. ಆದ್ದರಿಂದ ಫಿಲ್ಟರ್ ಹಾಕುವ ಮೊದಲು ಆ ಪದರದ ಬಣ್ಣ ತೆಗೆದು ಕಪ್ಪು ಬಿಳುಪು ಮಾಡಿ. ಇಲ್ಲದಿದ್ದರೆ ನೆರಳಿನ ಪಕ್ಕದಲ್ಲಿ ಕೆಂಪು ಹಸಿರು ಗೆರೆಗಳು ಇಣುಕುತ್ತವೆ.

ಎರಡನೆಯ ದಾರಿ ಬೆವೆಲ್ ಆಂಡ್ ಎಂಬಾಸ್ ಎಂಬ ಲೇಯರ್ ಸ್ಟೈಲ್, ಅಂದರೆ ಪದರಕ್ಕೆ ಹಚ್ಚಿ ಬೇಕಾದಾಗ ಬದಲಿಸಬಹುದಾದ ಎಫೆಕ್ಟ್. ಬೆವೆಲ್ ಎಂದರೆ ಇಳಿಜಾರಾದ ಅಂಚು. ಫೋಟೊಶಾಪ್‌ಗೆ ಲೇಯರ್ ಎಫೆಕ್ಟ್‌ಗಳು ಬಂದದ್ದು 1998ರ 5.0 ಆವೃತ್ತಿಯಲ್ಲಿ. ಬೆವೆಲ್ ಪದರದೊಳಗಿನ ತಿಳಿ ಗಾಢಗಳನ್ನು ನೋಡುವುದೇ ಇಲ್ಲ. ಪದರದ ಆಕಾರ ಎಲ್ಲಿ ಮುಗಿಯುತ್ತದೆ ಎಂದು ನೋಡಿ, ಆ ಅಂಚಿನಿಂದ ಒಂದು ಇಳಿಜಾರು ಕಟ್ಟುತ್ತದೆ. ಹಾಗಾಗಿ ಅಕ್ಷರ, ಲಾಂಛನ, ಚೌಕಟ್ಟು ಇಂಥವಕ್ಕೆ ಇದು ಸರಿ. ಇಡೀ ಕ್ಯಾನ್‌ವಾಸ್ ತುಂಬಿದ ಫೋಟೊಗೆ ಇದನ್ನು ಹಾಕಿ "ಏನೂ ಆಗಲೇ ಇಲ್ಲ" ಎಂದು ಬೇಸರಪಡುವವರು ಇದ್ದಾರೆ. ಹೆಚ್ಚೆಂದರೆ ಕ್ಯಾನ್‌ವಾಸಿನ ಹೊರಅಂಚಿನಲ್ಲಿ ಒಂದು ಇಳಿಜಾರು ಬರುತ್ತದೆ, ಚಿತ್ರದೊಳಗೆ ಆಗುವಂಥದ್ದು ಏನೂ ಇಲ್ಲ. ಅಂಚೇ ಇಲ್ಲದ ಕಡೆ ಇಳಿಜಾರು ಎಲ್ಲಿಂದ ಬರಬೇಕು, ಅಲ್ವಾ?

ಜಿಂಪ್ ಎಂಬ ಉಚಿತ ಸಾಫ್ಟ್‌ವೇರ್ ಬಳಸುವವರಿಗೆ ಎಂಬಾಸ್ ಫಿಲ್ಟರ್ ಜೊತೆಗೆ ಬಂಪ್ ಮ್ಯಾಪ್ ಎಂಬ ಫಿಲ್ಟರ್ ಇದೆ. ಒಂದು ಪದರವನ್ನು ಹೈಟ್ ಮ್ಯಾಪ್ ಎಂದು ತೋರಿಸಿದರೆ, ಅದರ ಉಬ್ಬುಗಳನ್ನು ಇನ್ನೊಂದು ಪದರದ ಬಣ್ಣದ ಮೇಲೆ ನೇರವಾಗಿ ಮೂಡಿಸುತ್ತದೆ. ನನ್ನ ಮಟ್ಟಿಗೆ ಇದು ಬೂದು ಬಣ್ಣದ ದಾರಿಗಿಂತ ಸಲೀಸು. ಕ್ರಿತಾ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಬೆವೆಲ್ ಲೇಯರ್ ಸ್ಟೈಲೂ ಇದೆ, ಫಾಂಗ್ ಬಂಪ್‌ಮ್ಯಾಪ್ ಎಂಬ ಫಿಲ್ಟರೂ ಇದೆ. ಬಂಪ್ ಮ್ಯಾಪಿಂಗ್ ಎಂಬ ಈ ಉಪಾಯವನ್ನು ಜೇಮ್ಸ್ ಬ್ಲಿನ್ 1978ರಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್‌ಗೆ ತಂದುಕೊಟ್ಟರು. ಮೇಲ್ಮೈಯ ಆಕಾರವನ್ನು ನಿಜವಾಗಿ ಬದಲಿಸದೆ, ಅದು ಬೆಳಕಿಗೆ ಮುಖ ಮಾಡಿರುವ ದಿಕ್ಕನ್ನು ಮಾತ್ರ ಲೆಕ್ಕದಲ್ಲಿ ಅಲುಗಾಡಿಸಿದರೆ ಸುಕ್ಕುಗಳು ಕಾಣುತ್ತವೆ ಎಂಬುದು ಅವರ ಯೋಚನೆ.

ಯಾಕೆ ಪದರಗಳು

ಒಂದೇ ಎಂಬಾಸ್ ಹಾಕಿದ ಚಿತ್ರ ಪ್ಲಾಸ್ಟಿಕ್ ಹಾಗೆ ಕಾಣುತ್ತದೆ. ಡೆಪ್ತ್ ಜಾಸ್ತಿ ಮಾಡಿದರೆ ಇನ್ನೂ ದಪ್ಪ ಪ್ಲಾಸ್ಟಿಕ್ ಆಗುತ್ತದೆ, ಅಷ್ಟೇ. ನಿಜವಾದ ಮೇಲ್ಮೈಯಲ್ಲಿ ಉಬ್ಬುಗಳು ಬೇರೆ ಬೇರೆ ಗಾತ್ರದಲ್ಲಿ ಒಟ್ಟಿಗೆ ಇರುತ್ತವೆ. ಹಳೆಯ ಚರ್ಮದ ರಟ್ಟನ್ನು ಹತ್ತಿರದಿಂದ ನೋಡಿ. ಕೈಯಾಡಿ ಕೈಯಾಡಿ ಬಂದ ದೊಡ್ಡ ಏರಿಳಿತ ಇರುತ್ತದೆ. ಅದರ ಮೇಲೆ ಸುಕ್ಕುಗಳು. ಸುಕ್ಕುಗಳ ನಡುವೆ ಸಣ್ಣ ಕಾಳುಕಾಳು ಮೈ. ಒಂದು ಗಾತ್ರದ ಉಬ್ಬನ್ನು ಮಾತ್ರ ಕೊಟ್ಟರೆ ಕಣ್ಣು ತಕ್ಷಣ ಕಂಡುಹಿಡಿಯುತ್ತದೆ.

ಆದ್ದರಿಂದ ದೊಡ್ಡದು, ನಡುವಿನದು, ಸಣ್ಣದು ಎಂದು ಕನಿಷ್ಠ ಮೂರು ಗಾತ್ರಕ್ಕೆ ಮೂರು ಪದರ ಬೇಕು. ಮೂರಕ್ಕೂ ದೀಪ ಮಾತ್ರ ಒಂದೇ. ಇಲ್ಲೇ ಬಹಳ ಕೆಲಸಗಳು ಕೆಡುವುದು. ಫೋಟೊಶಾಪ್‌ನಲ್ಲಿ ಲೇಯರ್ ಸ್ಟೈಲ್‌ಗಳಿಗೆ ಯೂಸ್ ಗ್ಲೋಬಲ್ ಲೈಟ್ ಎಂಬ ಗುರುತು ಇದೆ. ಅದನ್ನು ಹಾಕಿದರೆ ಎಲ್ಲ ಸ್ಟೈಲ್‌ಗಳ ಬೆಳಕಿನ ಕೋನ ಒಟ್ಟಿಗೆ ಬದಲಾಗುತ್ತದೆ. ಎಂಬಾಸ್ ಫಿಲ್ಟರ್‌ಗೆ ಮಾತ್ರ ಈ ಗ್ಲೋಬಲ್ ಲೈಟ್ ಜೊತೆ ಸಂಬಂಧವೇ ಇಲ್ಲ. ಅಲ್ಲಿ ಕೋನವನ್ನು ನೀವೇ ಕೈಯಿಂದ ತುಂಬಬೇಕು. ಅಕ್ಷರಕ್ಕೆ ಎಡಮೇಲಿನ ಬೆಳಕು, ಟೆಕ್ಸ್ಚರ್‌ಗೆ ಬಲಮೇಲಿನ ಬೆಳಕು ಆದರೆ ನೋಡುವವರಿಗೆ ಏನು ತಪ್ಪು ಎಂದು ಹೇಳಲು ಬಾರದಿದ್ದರೂ ಅಕ್ಷರ ಅಂಟಿಸಿದ ಹಾಗೆ ಕಾಣುತ್ತದೆ.

ಒಂದು ಸುಲಭದ ಪರೀಕ್ಷೆ ಇದೆ. ಹೈಟ್ ಮ್ಯಾಪ್ ಪದರದ ಒಂದು ಮೂಲೆಯಲ್ಲಿ ಅಂಚು ಮೆತ್ತಗಿರುವ ಬಿಳಿ ಚುಕ್ಕೆ ಇಡಿ. ಫಿಲ್ಟರ್ ಹಾಕಿದ ಮೇಲೆ ಆ ಚುಕ್ಕೆಯ ಯಾವ ಬದಿ ಬೆಳಗುತ್ತದೆ ನೋಡಿ. ಅಕ್ಷರದ ಬೆವೆಲ್ ಬೆಳಗುವ ಬದಿಯೇ ಆದರೆ ಸರಿ. ಎದುರು ಬದಿ ಬೆಳಗಿದರೆ ಕೋನಕ್ಕೆ 180 ಕೂಡಿಸಿ. ಆಮೇಲೆ ಚುಕ್ಕೆ ಅಳಿಸಿ.

ಬೆವೆಲ್‌ನಲ್ಲಿ ಕೋನದ ಜೊತೆ ಆಲ್ಟಿಟ್ಯೂಡ್ ಅಂತ ಇನ್ನೊಂದು ಅಂಕಿ ಇರುತ್ತದೆ. ಜಿಂಪ್‌ನ ಫಿಲ್ಟರ್‌ಗಳಲ್ಲಿ ಇದರ ಹೆಸರು ಎಲಿವೇಶನ್. ದೀಪ ಎಷ್ಟು ಎತ್ತರದಲ್ಲಿದೆ ಎಂದು ಇದು ಹೇಳುತ್ತದೆ. 90 ಎಂದರೆ ನೆತ್ತಿಯ ಮೇಲೆ. ಆಗ ಉಬ್ಬಿನ ಎರಡೂ ಬದಿ ಒಂದೇ ಥರ ಬೆಳಗಿ ಉಬ್ಬು ಸತ್ತುಹೋಗುತ್ತದೆ. ಸಂಜೆ ಬಿಸಿಲು ಗೋಡೆಗೆ ಓರೆಯಾಗಿ ಬಿದ್ದಾಗ ಗಾರೆಯ ಒಂದೊಂದು ಉಬ್ಬೂ ಎದ್ದು ಕಾಣುವ ಹಾಗೆ, ಟೆಕ್ಸ್ಚರ್‌ಗೂ ತಗ್ಗಿನ ಬೆಳಕೇ ಒಳ್ಳೆಯದು. 30ರ ಆಸುಪಾಸಿನಿಂದ ಶುರು ಮಾಡಿ.

ಚರ್ಮದ ಮೇಲೆ ಒತ್ತಿದ ಅಕ್ಷರ: ಒಂದು ಪೂರ್ತಿ ಉದಾಹರಣೆ

ಫೈಲನ್ನು 16 ಬಿಟ್‌ನಲ್ಲಿ ತೆರೆಯಿರಿ. ಇದು ಬರೀ ನಿಯಮಕ್ಕೆ ಹೇಳುವ ಮಾತಲ್ಲ. 8 ಬಿಟ್‌ನಲ್ಲಿ ಕಪ್ಪಿನಿಂದ ಬಿಳಿಗೆ 256 ಮೆಟ್ಟಿಲುಗಳು ಮಾತ್ರ. 2000 ಪಿಕ್ಸೆಲ್ ಅಗಲಕ್ಕೆ ಕಪ್ಪಿನಿಂದ ಬಿಳಿಗೆ ನಿಧಾನ ಏರುವ ಗ್ರೇಡಿಯಂಟ್ ಹಾಕಿದರೆ ಒಂದೊಂದು ಮೆಟ್ಟಿಲು ಸುಮಾರು 8 ಪಿಕ್ಸೆಲ್ ಅಗಲ ಆಗುತ್ತದೆ. ಬರಿಗಣ್ಣಿಗೆ ಇದು ಕಾಣುವುದಿಲ್ಲ. ಎಂಬಾಸ್ ಹುಡುಕುವುದೇ ಪಕ್ಕಪಕ್ಕದ ವ್ಯತ್ಯಾಸ ಆದ್ದರಿಂದ ಅದು ಒಂದೊಂದು ಮೆಟ್ಟಿಲನ್ನೂ ಎತ್ತಿ ತೋರಿಸುತ್ತದೆ. ನುಣುಪಾದ ಏರು ಬೇಕಾದ ಕಡೆ ಗೆರೆಗೆರೆಯಾದ ಮೈ ಸಿಗುತ್ತದೆ. ಮಸುಕು ಮಾಡುವ ಮೊದಲೇ 16 ಬಿಟ್‌ಗೆ ಹೋಗಿ. ಮೆಟ್ಟಿಲುಗಳು ಬಂದ ಮೇಲೆ ಬದಲಿಸಿದರೆ ಅವು ಹಾಗೇ ಉಳಿಯುತ್ತವೆ. ಜಿಂಪ್‌ನಲ್ಲಿ ಈ ಸೌಲಭ್ಯ 2018ರ 2.10 ಆವೃತ್ತಿಯಿಂದ ಇದೆ.

ತಳಕ್ಕೆ ಒಂದು ನಡುಮಟ್ಟದ ಕಂದು ಬಣ್ಣ ತುಂಬಿ. ಅಪ್ಪಟ ಬಿಳಿಯಾಗಲಿ ಅಪ್ಪಟ ಕಪ್ಪಾಗಲಿ ಬೇಡ. ಬಿಳಿಗಿಂತ ಬೆಳ್ಳಗೆ ಮಾಡಲು ಜಾಗ ಇಲ್ಲ, ಹಾಗಾಗಿ ಅಲ್ಲಿ ಉಬ್ಬಿನ ಬೆಳಕಿನ ಬದಿ ಕಾಣುವುದೇ ಇಲ್ಲ. ಓವರ್‌ಲೇ ಮೋಡ್ ಅಂತೂ ಅಪ್ಪಟ ಬಿಳಿ, ಕಪ್ಪುಗಳನ್ನು ಮುಟ್ಟುವುದೇ ಇಲ್ಲ. ಬಿಳಿ ಕಾಗದದ ಮೇಲೆ ಎಂಬಾಸ್ ಬೇಕು ಎಂದರೆ ಕಾಗದದ ಬಣ್ಣವನ್ನು 255ರಿಂದ 235ರ ಸುತ್ತಮುತ್ತ ಇಳಿಸಿ. ನೋಡುವವರಿಗೆ ಅದು ಬಿಳಿ ಕಾಗದವಾಗಿಯೇ ಕಾಣುತ್ತದೆ, ನಿಮಗೆ ಬೆಳಕು ಬರೆಯಲು ಜಾಗ ಸಿಗುತ್ತದೆ.

ಈಗ ದೊಡ್ಡ ಏರಿಳಿತ. ಹೊಸ ಪದರದಲ್ಲಿ ಕಪ್ಪು ಬಿಳುಪಿನ ಕ್ಲೌಡ್ಸ್ ಫಿಲ್ಟರ್ ಹಾಕಿ, ಗಾಸಿಯನ್ ಬ್ಲರ್‌ನಿಂದ 40 ಪಿಕ್ಸೆಲ್ಲಿನಷ್ಟು ಮಸುಕು ಮಾಡಿ. ಆಮೇಲೆ ಎಂಬಾಸ್. ಇಲ್ಲಿ ಹೈಟ್ ಎಂದರೆ ಫಿಲ್ಟರ್ ಎಷ್ಟು ಪಿಕ್ಸೆಲ್ ದೂರದ ವ್ಯತ್ಯಾಸ ನೋಡುತ್ತದೆ ಎಂದು. ದೊಡ್ಡ ಉಬ್ಬಿಗೆ ದೂರ ಜಾಸ್ತಿ ಬೇಕು, ಹಾಗಾಗಿ 10 ಅಥವಾ ಮೇಲೆ ಇಡಿ. ಅಮೌಂಟ್ 500 ಪರ್ಸೆಂಟ್ ತನಕ ಹೋಗುತ್ತದೆ. ಮಸುಕಾದ ಪದರದಲ್ಲಿ ವ್ಯತ್ಯಾಸ ಕಡಿಮೆ ಇರುವುದರಿಂದ ಇಲ್ಲಿ ಅಷ್ಟೂ ಬೇಕಾಗಬಹುದು. ಮೋಡ್ ಸಾಫ್ಟ್ ಲೈಟ್.

ನಡುವಿನ ಗಾತ್ರಕ್ಕೆ ನಿಜವಾದ ಚರ್ಮದ ಫೋಟೊ ತೆಗೆದುಕೊಳ್ಳುವುದು ಚೆನ್ನ. ಈ ಪದರವೇ ಮೂರರಲ್ಲಿ ಕಷ್ಟದ್ದು. ಫೋಟೊದಲ್ಲಿ ಆಗಲೇ ಯಾವುದೋ ದೀಪದ ಬೆಳಕು ನೆರಳು ಇರುತ್ತದೆ. ಎಂಬಾಸ್ ಆ ನೆರಳನ್ನೂ ತಗ್ಗು ಎಂದೇ ಓದುತ್ತದೆ. ಕಲೆ ಇದ್ದರೆ ಅದೂ ಗುಂಡಿ. ಫೋಟೊದ ಗಾಢ ಜಾಗಗಳೆಲ್ಲ ನಿಜವಾಗಿ ತಗ್ಗಲ್ಲ ಎಂಬುದನ್ನು ಮರೆತರೆ ಟೆಕ್ಸ್ಚರ್ ಕಲಸುಮೇಲೋಗರ ಆಗುತ್ತದೆ. ಅದಕ್ಕೆ ನೆರಳು ಗಟ್ಟಿಯಾಗಿಲ್ಲದ, ಮೋಡದ ಬೆಳಕಿನಲ್ಲಿ ತೆಗೆದ ಫೋಟೊ ಆರಿಸಿ. ಬಣ್ಣ ತೆಗೆಯಿರಿ. ಹೈ ಪಾಸ್ ಫಿಲ್ಟರ್ ಹಾಕಿ. ಅದು ಒಂದು ಮೂಲೆ ಬೆಳಕು, ಇನ್ನೊಂದು ಮೂಲೆ ಕತ್ತಲೆ ಎಂಬಂಥ ನಿಧಾನ ಬದಲಾವಣೆಗಳನ್ನು ನಡುಬೂದಿಗೆ ತಂದು, ಸುಕ್ಕುಗಳನ್ನಷ್ಟೇ ಉಳಿಸುತ್ತದೆ. ಈ ಹಂತದಲ್ಲಿ ಪದರದ ಒಂದು ಪ್ರತಿ ತೆಗೆದಿಡಿ, ಆಮೇಲೆ ಬೇಕಾಗುತ್ತದೆ. ಇನ್ನೊಂದಕ್ಕೆ ಹೈಟ್ 3 ಅಥವಾ 4 ಕೊಟ್ಟು ಎಂಬಾಸ್ ಮಾಡಿ, ಹಾರ್ಡ್ ಲೈಟ್ ಮೋಡ್‌ನಲ್ಲಿ ಒಪ್ಯಾಸಿಟಿ (ಪದರ ಎಷ್ಟು ಗಟ್ಟಿಯಾಗಿ ಕಾಣಬೇಕು ಎಂಬ ಅಂಕಿ) ಅರ್ಧದಷ್ಟು ಇಡಿ.

ತೆಗೆದಿಟ್ಟ ಪ್ರತಿಯನ್ನು ಎಂಬಾಸ್ ಮಾಡದೆ ಹಾಗೇ ಮಲ್ಟಿಪ್ಲೈ ಮೋಡ್‌ನಲ್ಲಿ 20 ಪರ್ಸೆಂಟಿನಷ್ಟು ಇಡಿ. ಇಡೀ ಚಿತ್ರ ಚೂರು ಕಪ್ಪಾಗುತ್ತದೆ, ಅದನ್ನು ಲೆವೆಲ್ಸ್‌ನಲ್ಲಿ ಸರಿ ಮಾಡಬಹುದು. ಎಂಬಾಸ್ ಇಳಿಜಾರಿಗೆ ಮಾತ್ರ ಬೆಳಕು ನೆರಳು ಕೊಡುತ್ತದೆ. ಆಳದ ಸಂದಿಗೆ ಬೆಳಕು ಕಡಿಮೆ ತಲುಪುತ್ತದೆ ಎಂಬುದು ಅದಕ್ಕೆ ಗೊತ್ತಿಲ್ಲ. ಈ ಮಲ್ಟಿಪ್ಲೈ ಪದರ ಸುಕ್ಕುಗಳ ತಳವನ್ನು ಕಪ್ಪಾಗಿಸುತ್ತದೆ. ನನ್ನ ಪ್ರಕಾರ ಚಿತ್ರಕ್ಕೆ ಜೀವ ಬರುವುದು ಈ ಒಂದು ಪದರದಿಂದ, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ.

ಸಣ್ಣ ಕಾಳು ಸುಲಭ. ನಡುಬೂದು ತುಂಬಿದ ಪದರಕ್ಕೆ ಒಂದೇ ಬಣ್ಣದ ನಾಯ್ಸ್ ಸೇರಿಸಿ, ಒಂದು ಪಿಕ್ಸೆಲ್ ಮಸುಕು ಮಾಡಿ, ಹೈಟ್ 1ರಲ್ಲಿ ಎಂಬಾಸ್ ಮಾಡಿ. ಸಾಫ್ಟ್ ಲೈಟ್, 25 ಪರ್ಸೆಂಟ್. ಇದು ಇದೆ ಎಂದು ಗೊತ್ತಾಗಬಾರದು, ಮುಚ್ಚಿದಾಗ ಏನೋ ಕಮ್ಮಿ ಆಯಿತು ಅನ್ನಿಸಬೇಕು.

ಎಂಬಾಸ್ ಫಿಲ್ಟರ್‌ಗೆ ಒಂದು ಕುರುಡು ದಿಕ್ಕಿದೆ. ಬೆಳಕಿನ ದಿಕ್ಕಿಗೆ ಸಮಾನಾಂತರವಾಗಿ ಓಡುವ ಗೆರೆಗಳು ಮಾಯವಾಗುತ್ತವೆ, ಯಾಕೆಂದರೆ ಆ ದಿಕ್ಕಿನಲ್ಲಿ ವ್ಯತ್ಯಾಸವೇ ಇಲ್ಲ. ಓರೆ ಗೆರೆಗಳ ನೇಯ್ಗೆಯಂಥ ಟೆಕ್ಸ್ಚರ್‌ನಲ್ಲಿ ಅರ್ಧ ಗೆರೆಗಳೇ ಕಾಣೆಯಾಗಬಹುದು. ಆಗ ಅದೇ ಪದರದ ಇನ್ನೊಂದು ಪ್ರತಿಗೆ 90 ಡಿಗ್ರಿ ತಿರುಗಿಸಿದ ಕೋನದಲ್ಲಿ ಎಂಬಾಸ್ ಹಾಕಿ, ತೀರಾ ತೆಳುವಾಗಿ ಸೇರಿಸಿ. ಒಂದೇ ದೀಪ ಎಂಬ ಮಾತಿಗೆ ಇದು ಚೂರು ವಿರೋಧ, ನಿಜ. ಮುಖ್ಯ ಬೆಳಕಿನ ಕಾಲು ಭಾಗ ಮೀರದಿದ್ದರೆ ಕಣ್ಣು ಅದನ್ನು ಎಲ್ಲಿಂದಲೋ ಬಂದ ಮರುಬೆಳಕು ಎಂದು ಒಪ್ಪಿಕೊಳ್ಳುತ್ತದೆ.

ಇನ್ನು ಅಕ್ಷರ. ಟೆಕ್ಸ್ಟ್ ಪದರದ ಫಿಲ್ ಸೊನ್ನೆ ಮಾಡಿ. ಒಪ್ಯಾಸಿಟಿ ಮುಟ್ಟಬೇಡಿ. ಒಪ್ಯಾಸಿಟಿ ಇಳಿಸಿದರೆ ಎಫೆಕ್ಟೂ ಮಾಯವಾಗುತ್ತದೆ. ಫಿಲ್ ಇಳಿಸಿದರೆ ಅಕ್ಷರದ ಬಣ್ಣ ಹೋಗಿ ಬೆವೆಲ್, ನೆರಳು ಮಾತ್ರ ಉಳಿಯುತ್ತವೆ, ಕೆಳಗಿನ ಚರ್ಮ ಅಕ್ಷರದೊಳಗೆ ಕಾಣುತ್ತದೆ. ಸ್ಟೈಲ್ ಇನ್ನರ್ ಬೆವೆಲ್, ದಿಕ್ಕು ಡೌನ್. ಟೆಕ್ನಿಕ್‌ನಲ್ಲಿ ಸ್ಮೂತ್ ಎಂದರೆ ಅಂಚು ಕರಗಿದ ಹಾಗೆ, ಚಿಸೆಲ್ ಹಾರ್ಡ್ ಎಂದರೆ ಉಳಿಯಿಂದ ಕೆತ್ತಿದ ಹಾಗೆ. ಚರ್ಮಕ್ಕೆ ಚಿಸೆಲ್ ಸಾಫ್ಟ್ ಸರಿ. ಸಾಫ್ಟನ್ ಒಂದೆರಡು ಪಿಕ್ಸೆಲ್ ಕೊಡಿ. ಹೈಲೈಟ್ ಬಿಳಿ ಬೇಡ, ತಳದ ಕಂದನ್ನೇ ತಿಳಿ ಮಾಡಿದ ಬಣ್ಣ ಇರಲಿ. ನೆರಳಿಗೂ ಕಪ್ಪಿನ ಬದಲು ಅದೇ ಕಂದಿನ ಗಾಢ ರೂಪ. ಜೊತೆಗೆ ಮೆಲ್ಲನೆಯ ಇನ್ನರ್ ಶ್ಯಾಡೋ, ಯಾಕೆಂದರೆ ಗುಂಡಿಯ ಅಂಚು ತನ್ನ ತಳದ ಮೇಲೆ ಬೀಳಿಸುವ ನೆರಳನ್ನು ಬೆವೆಲ್ ಕೊಡುವುದಿಲ್ಲ.

ಚರ್ಮಕ್ಕೆ ಅಚ್ಚು ಒತ್ತಿದಾಗ ಇನ್ನೂ ಎರಡು ಬದಲಾವಣೆ ಆಗುತ್ತವೆ. ಒತ್ತಿದ ಜಾಗದಲ್ಲಿ ಕಾಳು ಮೈ ಚಪ್ಪಟೆಯಾಗುತ್ತದೆ. ಸುತ್ತಲಿನ ಚರ್ಮ ಚೂರು ಉಬ್ಬುತ್ತದೆ. ಮೊದಲನೆಯದಕ್ಕೆ ಅಕ್ಷರದ ಆಕಾರವನ್ನು ಸೆಲೆಕ್ಟ್ ಮಾಡಿ, ಸುಕ್ಕು ಮತ್ತು ಕಾಳಿನ ಪದರಗಳ ಮಾಸ್ಕ್‌ನಲ್ಲಿ (ಪದರದ ಯಾವ ಭಾಗ ಎಷ್ಟು ಕಾಣಬೇಕು ಎಂದು ಹೇಳುವ ಮರೆ) ಆ ಭಾಗಕ್ಕೆ ಬೂದು ತುಂಬಿ. ಅಕ್ಷರದೊಳಗೆ ಟೆಕ್ಸ್ಚರ್ ಮೆತ್ತಗಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಎರಡನೆಯದಕ್ಕೆ ಬೆವೆಲ್‌ನದೇ ಇನ್ನೊಂದು ಸ್ಟೈಲ್ ಆದ ಪಿಲ್ಲೋ ಎಂಬಾಸ್ ಬೇಕು. ಆದರೆ ಒಂದು ಪದರಕ್ಕೆ ಒಂದೇ ಬೆವೆಲ್ ಹಾಕಲು ಸಾಧ್ಯ. ಡ್ರಾಪ್ ಶ್ಯಾಡೋ, ಸ್ಟ್ರೋಕ್ ಮುಂತಾದವುಗಳನ್ನು ಒಂದೇ ಪದರದಲ್ಲಿ ಹಲವು ಸಲ ಸೇರಿಸಲು ಹೊಸ ಫೋಟೊಶಾಪ್ ಬಿಡುತ್ತದೆ, ಬೆವೆಲ್‌ಗೆ ಮಾತ್ರ ಆ ಅವಕಾಶ ಇಲ್ಲ. ದಾರಿ ಇದೆ: ಟೆಕ್ಸ್ಟ್ ಪದರದ ನಕಲು ತೆಗೆದು, ಅದರ ಫಿಲ್ಲನ್ನೂ ಸೊನ್ನೆ ಮಾಡಿ, ದೊಡ್ಡ ಸೈಜಿನ ಮೆಲ್ಲನೆಯ ಪಿಲ್ಲೋ ಎಂಬಾಸ್ ಕೊಡಿ. ಅಥವಾ ಪದರವನ್ನು ಒಂದು ಗ್ರೂಪಿನೊಳಗೆ ಹಾಕಿ, ಗ್ರೂಪಿಗೇ ಎರಡನೇ ಬೆವೆಲ್ ಹಾಕಿ.

ಎರಡು ಕಾಂಟೂರ್‌ಗಳು

ಬೆವೆಲ್ ಕಿಟಕಿಯಲ್ಲಿ ಕಾಂಟೂರ್ ಎಂಬ ಹೆಸರು ಎರಡು ಕಡೆ ಬರುತ್ತದೆ. ಎಡಗಡೆ ಪಟ್ಟಿಯಲ್ಲಿ ಬೆವೆಲ್ ಕೆಳಗೆ ಇರುವುದು ಇಳಿಜಾರಿನ ಆಕಾರವನ್ನು ಬದಲಿಸುತ್ತದೆ. ಅಂಚನ್ನು ಅಡ್ಡಕ್ಕೆ ಕತ್ತರಿಸಿ ನೋಡಿದರೆ ಕಾಣುವ ಗೆರೆ ಅದು. ನೇರ ಗೆರೆ ಕೊಟ್ಟರೆ ನೇರ ಇಳಿಜಾರು, ಮೆಟ್ಟಿಲು ಕೊಟ್ಟರೆ ಮೆಟ್ಟಿಲಿನ ಅಂಚು. ಶೇಡಿಂಗ್ ಭಾಗದ ಗ್ಲಾಸ್ ಕಾಂಟೂರ್ ಆಕಾರಕ್ಕೆ ಕೈಹಾಕುವುದಿಲ್ಲ. ಬಂದ ಬೆಳಕಿನ ಮಟ್ಟಗಳನ್ನು ಮಾತ್ರ ಬದಲಿಸುತ್ತದೆ. ಏರಿಳಿಯುವ ಗೆರೆ ಕೊಟ್ಟರೆ ಬೆಳಕು ಕತ್ತಲೆ ಪಟ್ಟೆಪಟ್ಟೆಯಾಗಿ ಬಂದು ಲೋಹದ ಹೊಳಪು ಸಿಗುತ್ತದೆ. ಚರ್ಮ, ಕಾಗದ, ಕಲ್ಲಿಗೆ ಇದನ್ನು ನೇರ ಗೆರೆಯಾಗಿಯೇ ಬಿಡಿ. ಪಕ್ಕದಲ್ಲೇ ಇರುವ ಟೆಕ್ಸ್ಚರ್ ಭಾಗ ಒಂದು ಪ್ಯಾಟರ್ನಿನ ತಿಳಿ ಗಾಢಗಳನ್ನು ಎತ್ತರವಾಗಿ ಓದಿ ಆಕಾರದ ಮೇಲೆ ಮೂಡಿಸುತ್ತದೆ. ಅದರ ಡೆಪ್ತ್‌ಗೆ ಮೈನಸ್ ಅಂಕಿ ಕೊಟ್ಟರೆ ಉಬ್ಬು ತಗ್ಗಾಗುತ್ತದೆ.

ಮಾಸ್ಕ್ ಹಾಕಿದ ಪದರಕ್ಕೆ ಬೆವೆಲ್ ಕೊಟ್ಟರೆ, ಮಾಸ್ಕ್ ಕತ್ತರಿಸಿದ ಅಂಚಿಗೂ ಬೆವೆಲ್ ಬರುತ್ತದೆ. ಒಡೆದ ಕಲ್ಲು, ಎದ್ದುಹೋದ ಬಣ್ಣ ಮಾಡುವಾಗ ಇದೇ ಬೇಕು. ಸಾಫ್ಟ್ ಬ್ರಷ್ ಬಿಟ್ಟು ಒರಟು ಬ್ರಷ್‌ನಿಂದ ಮಾಸ್ಕ್ ಮೇಲೆ ಕೆರೆದರೆ ಪದರ ಚಕ್ಕೆ ಎದ್ದ ಹಾಗೆ ಕಾಣುತ್ತದೆ. ಬೇಡ ಎಂದರೆ ಬ್ಲೆಂಡಿಂಗ್ ಆಪ್ಷನ್ಸ್‌ನಲ್ಲಿ ಲೇಯರ್ ಮಾಸ್ಕ್ ಹೈಡ್ಸ್ ಎಫೆಕ್ಟ್ಸ್ ಎಂಬುದಕ್ಕೆ ಗುರುತು ಹಾಕಿ. ಆಗ ಮಾಸ್ಕ್ ಬೆವೆಲನ್ನೂ ಸೇರಿಸಿ ಮುಚ್ಚುತ್ತದೆ.

ಫಿಲ್ಟರ್‌ಗಳನ್ನೆಲ್ಲ ಸ್ಮಾರ್ಟ್ ಆಬ್ಜೆಕ್ಟ್ (ಮೂಲ ಚಿತ್ರವನ್ನು ಕೆಡಿಸದೆ ಒಳಗಿಟ್ಟುಕೊಳ್ಳುವ ಪದರ) ಮೇಲೆ ಹಾಕಿದರೆ ಕೋನ, ಹೈಟ್, ಅಮೌಂಟ್‌ಗಳನ್ನು ಯಾವಾಗ ಬೇಕಾದರೂ ಬದಲಿಸಬಹುದು. ಮೂರು ಪದರಗಳ ದೀಪವನ್ನು ಹೊಂದಿಸುವಾಗ ಇದು ತುಂಬಾ ಸಮಯ ಉಳಿಸುತ್ತದೆ. 2025ರಲ್ಲಿ ಬಂದ ಜಿಂಪ್ 3.0ರಲ್ಲೂ ಫಿಲ್ಟರ್‌ಗಳನ್ನು ಹೀಗೆ ಬದಲಿಸಲು ಆಗುವಂತೆ ಇಡಬಹುದು.

ಚಿತ್ರವನ್ನು ಕೊನೆಗೆ ಸಣ್ಣದು ಮಾಡುವವರು ಒಂದು ವಿಷಯ ನೋಡಿಕೊಳ್ಳಬೇಕು. ಬೆವೆಲ್ ಸೈಜ್ ಇರುವುದು ಪಿಕ್ಸೆಲ್ ಲೆಕ್ಕದಲ್ಲಿ. ಇಮೇಜ್ ಸೈಜ್ ಕಿಟಕಿಯಲ್ಲಿ ಸ್ಕೇಲ್ ಸ್ಟೈಲ್ಸ್ ಗುರುತು ಇಲ್ಲದೆ 3000 ಪಿಕ್ಸೆಲ್ಲಿನ ಚಿತ್ರವನ್ನು 1000ಕ್ಕೆ ಇಳಿಸಿದರೆ ಅಕ್ಷರ ಮೂರನೇ ಒಂದು ಭಾಗ ಆಗುತ್ತದೆ, ಬೆವೆಲ್ ಮಾತ್ರ ಮೊದಲಿನಷ್ಟೇ ದಪ್ಪ ಉಳಿದು ಅಕ್ಷರವನ್ನು ನುಂಗುತ್ತದೆ. ಸಣ್ಣ ಕಾಳಿನ ಪದರದ್ದು ಉಲ್ಟಾ ಕಥೆ. ಒಂದು ಪಿಕ್ಸೆಲ್ಲಿನ ಉಬ್ಬು ಮೂರು ಪಟ್ಟು ಇಳಿಸಿದಾಗ ಕರಗಿಯೇ ಹೋಗುತ್ತದೆ. ಅದಕ್ಕೆ ಚಿತ್ರವನ್ನು ಮೊದಲು ಬೇಕಾದ ಅಳತೆಗೆ ತಂದು, ಕಾಳಿನ ಪದರವನ್ನು ಆ ಅಳತೆಯಲ್ಲೇ ಹೊಸದಾಗಿ ಮಾಡಿ, 100 ಪರ್ಸೆಂಟ್ ಜೂಮ್‌ನಲ್ಲಿ ನೋಡಿ ಒಪ್ಯಾಸಿಟಿ ತೀರ್ಮಾನಿಸಿ.